ಕೂದಲೆಳೆಯಷ್ಟು ದಾರಿ

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನೇರಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು. ಬೆಳೆಯುವ ನೆಲ ಮುಂಬಯಿ ಸರ್ಕಾರದ್ದು, ಸಾಗಿಸುವ ಬಂದರು ಮದರಾಸಿನದು. ಈ ತೊಡಕನ್ನು ಮುಂಬಯಿಯ ವರ್ತಕರು ಬಹಳ ದಿನ ಸಹಿಸಲಿಲ್ಲ. ಆ ಕಾಲದ ಲಿವರ್‌ಪೂಲ್ ಪೇಟೆಯಲ್ಲಿ ಕುಮಟಾ ಎನ್ನುವುದು ಒಂದು ಬಗೆಯ ಹತ್ತಿಯ ಹೆಸರೇ ಆಗಿತ್ತು.

ಹತ್ತಿಯ ವೈಭವ ಹೆಚ್ಚು ಕಾಲ ಬಾಳಲಿಲ್ಲ. 1880ರ ದಶಕದಲ್ಲಿ ರೈಲು ಮರ್ಮಗೋವಾದ ಕಡೆ ತಿರುಗಿತು, ಕುಮಟಾದ ಗೋದಾಮುಗಳು ಬರಿದಾದವು. ಗಡಿ ಮಾತ್ರ 1956ರ ನವೆಂಬರ್ 1ರವರೆಗೆ ಹಾಗೆಯೇ ಉಳಿಯಿತು. ಹತ್ತಿರ ಹತ್ತಿರ ನೂರು ವರ್ಷ ಕುಮಟಾ, ಹೊನ್ನಾವರ, ಭಟ್ಕಳದವರಿಗೆ ದೊಡ್ಡ ಕೋರ್ಟು ಎಂದರೆ ಮುಂಬಯಿ, ನೌಕರಿ ಎಂದರೆ ಮುಂಬಯಿ, ದೊಡ್ಡ ಆಸ್ಪತ್ರೆ ಎಂದರೂ ಮುಂಬಯಿಯೇ. ಹತ್ತಿಗಾಗಿ ಎಳೆದ ಗೆರೆ ಮಕ್ಕಳಾಗದ ಹೆಣ್ಣುಮಕ್ಕಳ ದಾರಿಯನ್ನೂ ಗೊತ್ತುಮಾಡಿಬಿಟ್ಟಿತು.

ಮೊದಲ ದಾರಿ ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಅದು ಸ್ಪಷ್ಟ. ಮುಗ್ವಾದ ಸುಬ್ರಹ್ಮಣ್ಯನಿಗೆ ಹರಕೆ, ಗೋಕರ್ಣದಲ್ಲಿ ನಾಗಬಲಿ, ಇಡಗುಂಜಿಯ ಗಣಪತಿಯ ಮುಂದೆ ಪ್ರಾರ್ಥನೆ, ದರ್ಗಾಕ್ಕೆ ಚಾದರ. ಊರಿನ ಸೂಲಗಿತ್ತಿ ಕೊಟ್ಟ ಬೇರು, ಕಷಾಯ. ಅದರಾಚೆ ಗಂಡನಿಗೆ ಇನ್ನೊಂದು ಮದುವೆ. ಮಕ್ಕಳಾಗದಿದ್ದರೆ ದೋಷ ಹೆಣ್ಣಿನದೇ ಎಂಬುದು ಎಲ್ಲ ಜಾತಿ, ಎಲ್ಲ ಧರ್ಮಗಳೂ ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದ ಮಾತು. ಕೈಯಲ್ಲಿ ಒಂದಿಷ್ಟು ಕಾಸಿದ್ದು, ಮುಂಬಯಿಯಲ್ಲಿ ನೆಂಟರ ಖೋಲಿ ಇದ್ದವರು ಮಾತ್ರ ಸಮುದ್ರದ ದಾರಿ ಹಿಡಿಯಬಹುದಿತ್ತು. ಅದೂ ಮಳೆಗಾಲ ಮುಗಿದ ಮೇಲೆ. ಜೂನ್ ಬಂತೆಂದರೆ ಬಂದರುಗಳು ಮುಚ್ಚುತ್ತಿದ್ದವು. ನೆಲದ ಮೇಲಾದರೆ ಅಘನಾಶಿನಿ, ಶರಾವತಿಗಳನ್ನು ತಾರಿಯಲ್ಲಿ ದಾಟಬೇಕಿತ್ತು.

ಮುಂಬಯಿಯಲ್ಲಿ 1886ರಿಂದ ಕಾಮಾ ಆಸ್ಪತ್ರೆ ಇತ್ತು. ಹೆಂಗಸರಿಗೆ ಹೆಂಗಸರೇ ವೈದ್ಯರು ಎಂಬ ಸಂಕಲ್ಪದಿಂದ ಕಟ್ಟಿದ್ದು. ಇಂಗ್ಲೆಂಡಿನಿಂದ ಬಂದ ಎಡಿತ್ ಪೀಚಿ ಅಲ್ಲಿಯ ಮೊದಲ ಮುಖ್ಯಸ್ಥರಲ್ಲೊಬ್ಬರು. ಆದರೆ ಅಲ್ಲಿಗೆ ಹೋದ ಹೆಣ್ಣಿಗೆ ವೈದ್ಯರು ಹೇಳಬಹುದಾಗಿದ್ದುದು ಎಷ್ಟು? ಅಂಡಾಶಯದಿಂದ ಗರ್ಭಕೋಶಕ್ಕೆ ಎರಡು ನಾಳಗಳಿವೆ ಎಂಬುದನ್ನು ಪಡುವಾದ ಗೇಬ್ರಿಯೆಲೆ ಫಲ್ಲೋಪಿಯೊ 1561ರಲ್ಲೇ ವಿವರವಾಗಿ ಬರೆದಿದ್ದ. ಉದ್ದ ಹತ್ತು ಹನ್ನೆರಡು ಸೆಂಟಿಮೀಟರು. ಅಂಡಾಶಯದ ಕಡೆಗೆ ಅಗಲವಾಗಿ ಬಾಯಿ ತೆರೆದಿರುತ್ತದೆ, ಗರ್ಭಕೋಶದ ಗೋಡೆಯೊಳಗೆ ಹೊಕ್ಕುವ ಕಡೆ ಒಳದಾರಿ ಒಂದು ಮಿಲಿಮೀಟರಿಗೂ ಕಡಿಮೆ. ಅಂಡ ಮತ್ತು ವೀರ್ಯಾಣು ಕೂಡುವುದು ಈ ನಾಳದಲ್ಲೇ. ಎರಡೂ ಮುಚ್ಚಿದ್ದರೆ ಬಸಿರು ನಿಲ್ಲುವುದಿಲ್ಲ. ಇಷ್ಟು ಗೊತ್ತಿತ್ತು. ಬದುಕಿರುವ ಹೆಣ್ಣಿನಲ್ಲಿ ನಾಳ ಮುಚ್ಚಿದೆಯೋ ಇಲ್ಲವೋ ತಿಳಿಯುವ ಬಗೆ ಗೊತ್ತಿರಲಿಲ್ಲ.

ಹಾಗಿದ್ದೂ ಒಬ್ಬ ಅವಸರದ ವೈದ್ಯ 1849ರಲ್ಲೇ ಅದನ್ನು ಬಿಡಿಸುವ ಉಪಾಯ ಪ್ರಕಟಿಸಿದ್ದ. ಲಂಡನ್ನಿನ ವಿಲಿಯಂ ಟೈಲರ್ ಸ್ಮಿತ್. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವನು ಬರೆದದ್ದರ ಸಾರ ಇಷ್ಟು: ಯೋನಿಯ ಮೂಲಕ, ಗರ್ಭಕೋಶದ ಬಾಯಿಯ ಒಳಗಿಂದ ಒಂದು ಬಾಗಿದ ಕೊಳವೆಯನ್ನು ನಾಳದ ಮೂಲೆಗೆ ಮುಟ್ಟಿಸಿ, ಅದರೊಳಗಿಂದ ತಿಮಿಂಗಿಲದ ಬಾಯಿಯ ಬಾಗುವ ಪಟ್ಟಿಯಲ್ಲಿ ಮಾಡಿದ ತೆಳು ಕಡ್ಡಿಯನ್ನು ನಾಳಕ್ಕೆ ತೂರಿಸುವುದು. ಹೊಟ್ಟೆ ಕೊಯ್ಯುವಂತಿಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಯ ಅಂದಾಜೇ ಎಲ್ಲ. ಎಕ್ಸ್‌ರೇ ಹುಟ್ಟಲು ಇನ್ನೂ 46 ವರ್ಷ ಬಾಕಿಯಿತ್ತು. ವೈದ್ಯಲೋಕ ಇದನ್ನು ಓದಿ ಪಕ್ಕಕ್ಕಿಟ್ಟಿತು. ಇಂದು ಕ್ಯಾಥೆಟರ್, ಅಂದರೆ ತೆಳು ಕೊಳವೆ, ಬಳಸಿ ಮಾಡುವ ಚಿಕಿತ್ಸೆಯ ನಕ್ಷೆ ಮಾತ್ರ ಹೆಚ್ಚು ಕಡಿಮೆ ಇದೇ. ಸ್ಮಿತ್‌ನ ತಪ್ಪೇನಾದರೂ ಇದ್ದರೆ ಅದು 140 ವರ್ಷ ಮೊದಲು ಹುಟ್ಟಿದ್ದು.

ನಾಳ ತೆರೆದಿದೆಯೇ ಎಂದು ತಿಳಿಯುವ, ಬಳಕೆಗೆ ನಿಂತ ಮೊದಲ ವಿಧಾನ ಬಂದದ್ದು 1919ರಲ್ಲಿ. ನ್ಯೂಯಾರ್ಕಿನ ಐಸಿಡೋರ್ ರೂಬಿನ್ ಗರ್ಭಕೋಶಕ್ಕೆ ಆಮ್ಲಜನಕ, ಮುಂದೆ ಇಂಗಾಲದ ಡೈಆಕ್ಸೈಡ್ ಅನಿಲ ಊದಿ ಒತ್ತಡ ಅಳೆದ. ನಾಳ ತೆರೆದಿದ್ದರೆ ಅನಿಲ ಹೊಟ್ಟೆಯೊಳಕ್ಕೆ ಹೋಗಿ ವಪೆಯ ಕೆಳಗೆ ಸೇರುತ್ತದೆ, ಎದ್ದು ಕೂತ ಹೆಣ್ಣಿಗೆ ಭುಜ ನೋಯುತ್ತದೆ. ಭುಜನೋವು ಒಳ್ಳೆಯ ಸುದ್ದಿಯಾದ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ಇದೊಂದೇ ಇರಬೇಕು. 1920ರ ದಶಕದಲ್ಲಿ ಗಸಗಸೆ ಎಣ್ಣೆಗೆ ಅಯೋಡಿನ್ ಬೆರೆಸಿದ ಲಿಪಿಯೋಡಾಲ್ ಹಾಕಿ ಎಕ್ಸ್‌ರೇ ತೆಗೆಯುವುದು ಶುರುವಾಯಿತು. ಆಗ ಗರ್ಭಕೋಶದ ತ್ರಿಕೋನವೂ ಅದರ ಎರಡು ಮೂಲೆಗಳಿಂದ ಹೊರಟ ದಾರದಂಥ ಗೆರೆಗಳೂ ಫಿಲ್ಮಿನ ಮೇಲೆ ಮೂಡಿದವು. ಗೆರೆ ಮೂಲೆಯಲ್ಲೇ ನಿಂತಿದ್ದರೆ ವೈದ್ಯರು ‘ಟ್ಯೂಬ್ ಬ್ಲಾಕ್’ ಎಂದು ಬರೆದುಕೊಟ್ಟರು. ಇಂದಿಗೂ ಆ ಎಕ್ಸ್‌ರೇಗೆ, ಅಂದರೆ ಎಚ್‌ಎಸ್‌ಜಿಗೆ, ಈ ಮಾತು ಬರೆಯುವ ಅಧಿಕಾರ ಉಳಿದಿದೆ.

ಬರೆದುಕೊಟ್ಟ ಮೇಲೆ ಮಾಡುವುದೇನು? ಇಲ್ಲಿ ವಿಠ್ಠಲ ನಾಗೇಶ ಶಿರೋಡಕರರ ಹೆಸರು ಬರಲೇಬೇಕು. 1899ರಲ್ಲಿ ಗೋವೆಯ ಶಿರೋಡಾದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು ಸೇರಿದವರು. ಬಸಿರು ನಿಲ್ಲದೆ ಜಾರುವವರಿಗೆ ಗರ್ಭಕೋಶದ ಕೊರಳಿಗೆ ಹೊಲಿಗೆ ಹಾಕುವ ವಿಧಾನ ಅವರದು. 1955ರಲ್ಲಿ ಪ್ರಕಟವಾದ ಅದನ್ನು ಜಗತ್ತು ಇಂದಿಗೂ ಶಿರೋಡಕರ ಹೊಲಿಗೆ ಎಂದೇ ಕರೆಯುತ್ತದೆ. ಆ ಹೊಲಿಗೆಯ ಕೀರ್ತಿಯಲ್ಲಿ ಅವರ ಇನ್ನೊಂದು ಕೆಲಸ ಮರೆಗೆ ಸರಿಯಿತು. ಮುಚ್ಚಿಕೊಂಡ ನಾಳಗಳನ್ನು ಹೊಟ್ಟೆ ತೆರೆದು ಸರಿಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಅವರು ಬಹುಕಾಲ ದುಡಿದರು. 1966ರಲ್ಲಿ ಅವರು ಬರೆದ ಒಂದು ಪ್ರಬಂಧದ ವಿಷಯವೇ ಇಂಥ ಶಸ್ತ್ರಚಿಕಿತ್ಸೆಯ ಫಲ ಯಾವ ಯಾವ ಸಂಗತಿಗಳ ಮೇಲೆ ನಿಂತಿದೆ ಎಂಬುದು. ಫಲ ಹೆಚ್ಚಿರಲಿಲ್ಲ ಎಂಬುದು ಆ ಕಾಲದ ಎಲ್ಲ ಶಸ್ತ್ರವೈದ್ಯರ ಅನುಭವ. ನಾಳ ತೆರೆದುಕೊಂಡರೂ ಒಳಗಿನ ಸೂಕ್ಷ್ಮ ರೋಮಗಳು ಸತ್ತಿರುತ್ತಿದ್ದವು, ಅಥವಾ ಹೊಲಿದ ಜಾಗವೇ ಅಂಟಿಕೊಳ್ಳುತ್ತಿತ್ತು. 1967ರ ಸುಮಾರಿಗೆ ಸ್ವೀಡನ್ನಿನ ಕುರ್ಟ್ ಸ್ವೋಲಿನ್, 70ರ ದಶಕದಲ್ಲಿ ಕೆನಡಾದ ವಿಕ್ಟರ್ ಗೊಮೆಲ್ ಮತ್ತು ಲಂಡನ್ನಿನ ರಾಬರ್ಟ್ ವಿನ್‌ಸ್ಟನ್ ಭೂತಗನ್ನಡಿಯಡಿ ಕೂದಲಿನಂಥ ನೂಲಿನಿಂದ ಹೊಲಿಯತೊಡಗಿದ ಮೇಲೆ ಸ್ಥಿತಿ ಸುಧಾರಿಸಿತು.

ಮುಂಬಯಿಯ ವೈದ್ಯಕೀಯದೊಂದಿಗೆ ಈ ಕರಾವಳಿಯ ನಂಟು ಬರೀ ರೋಗಿಗಳದಲ್ಲ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನ ಹೆಸರು ಮುಂಬಯಿಯ ಒಬ್ಬ ದೊಡ್ಡ ಶಸ್ತ್ರವೈದ್ಯರದು ಎಂಬುದು ಅಲ್ಲಿ ಓದಿದ ಎಲ್ಲರಿಗೂ ನೆನಪಿರಲಿಕ್ಕಿಲ್ಲ.

ನಾಳ ಮುಚ್ಚುವುದೇಕೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಕೊಡಬೇಕಾದ ಉತ್ತರ ಯುರೋಪಿನದಲ್ಲ. ಅಲ್ಲಿ ಲೈಂಗಿಕ ಸೋಂಕುಗಳು ಮೊದಲು ಬರುತ್ತವೆ. ಇಲ್ಲಿ ಅವುಗಳ ಜೊತೆಗೆ ಹೆರಿಗೆ, ಗರ್ಭಪಾತದ ನಂತರದ ನಂಜು ಇದೆ, ಎಲ್ಲಕ್ಕಿಂತ ಮೌನವಾಗಿ ಕ್ಷಯ ಇದೆ. ಬಾಲ್ಯದಲ್ಲೋ ಹರೆಯದಲ್ಲೋ ಶ್ವಾಸಕೋಶಕ್ಕೆ ತಗಲಿದ ಕ್ಷಯ ರಕ್ತದ ಮೂಲಕ ನಾಳಕ್ಕೆ ಇಳಿಯುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ. ಮದುವೆಯಾಗಿ ವರ್ಷಗಳು ಕಳೆದು ಬಸಿರಾಗದೆ ಪರೀಕ್ಷೆಗೆ ಹೋದಾಗ ಮಾತ್ರ ಗೊತ್ತಾಗುತ್ತದೆ. ಜನನಾಂಗದ ಕ್ಷಯ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರ ನಾಳಗಳೂ ಕೆಟ್ಟಿರುತ್ತವೆ. ಇಟಲಿಯ ಮೊರ್ಗಾನಿ 1744ರಲ್ಲೇ ಕ್ಷಯದಿಂದ ಸತ್ತ ಇಪ್ಪತ್ತರ ಹುಡುಗಿಯ ಶವದಲ್ಲಿ ಇದನ್ನು ಕಂಡಿದ್ದ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು, 1962ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಆರಂಭವಾಯಿತು. ಆದರೆ ಕಾರ್ಯಕ್ರಮದ ಕಣ್ಣು ಕಫದ ಮೇಲಿತ್ತು, ಇರಬೇಕಾದ್ದೂ ಹಾಗೆಯೇ: ರೋಗ ಹರಡುವುದು ಕಫದಿಂದ. ಹರಡದ ಕ್ಷಯ, ಒಳಗೇ ಸುಟ್ಟುಕೊಂಡ ನಾಳ, ಲೆಕ್ಕದಿಂದ ಹೊರಗೆ ಉಳಿಯಿತು.

1956ರ ನಂತರ ದಾರಿ ನಿಧಾನವಾಗಿ ತಿರುಗಿತು. ಅಲ್ಲಿಯತನಕ ಭಟ್ಕಳದ ದಕ್ಷಿಣಕ್ಕೆ ಶಿರೂರು ಬಂತೆಂದರೆ ಬೇರೆ ರಾಜ್ಯ. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದಾಗ ಅದು ಮದರಾಸು ರಾಜ್ಯದಲ್ಲಿತ್ತು. 1957ರಲ್ಲಿ ಘಟ್ಟದ ಮೇಲೆ ಹುಬ್ಬಳ್ಳಿಯಲ್ಲೂ ಕಾಲೇಜು ಬಂತು. ಕುಮಟಾದವರು ಹುಬ್ಬಳ್ಳಿಯ ಕಡೆಗೂ, ಭಟ್ಕಳ ಹೊನ್ನಾವರದವರು ಮಣಿಪಾಲ, ಮಂಗಳೂರಿನ ಕಡೆಗೂ ನೋಡತೊಡಗಿದರು. ನದಿಗಳಿಗೆ ಸೇತುವೆ ಬಂದಂತೆ ಈ ನೋಟ ಬಸ್ಸಿನ ದಾರಿಯಾಯಿತು.

ಇದೇ ಕಾಲದಲ್ಲಿ ಸರ್ಕಾರ ಹೆಣ್ಣಿನ ನಾಳವನ್ನು ಹುಡುಕಿಕೊಂಡು ಊರಿಗೆ ಬಂತು. ಬಂದದ್ದು ಮುಚ್ಚಲಿಕ್ಕೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆದು ಜಗತ್ತಿಗೇ ಮೊದಲಿನದಾಗಿತ್ತು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ತುರ್ತುಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ ನಡೆದ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಶನ್‌ಗಳಲ್ಲಿ ಬಹುಪಾಲು ಗಂಡಸರದು. ಅದಕ್ಕೆ ಗಂಡಸರು ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. ಆಮೇಲೆ ಬಂದ ಸರ್ಕಾರಗಳು ಆ ಪಾಠವನ್ನು ಬೇಗ ಕಲಿತವು, ಹೊರೆ ಹೆಣ್ಣಿನ ಮೇಲೆ ಸರಿಯಿತು.

1980ರ ದಶಕದಲ್ಲಿ ಲ್ಯಾಪರೋಸ್ಕೋಪ್ ಬಂದ ಮೇಲೆ ಈ ಕೆಲಸ ಸುಲಭವಾಯಿತು. ಹೊಕ್ಕುಳ ಹತ್ತಿರ ಸಣ್ಣ ರಂಧ್ರ, ಪ್ರತಿ ನಾಳಕ್ಕೂ ಒಂದು ಸಿಲಿಕೋನ್ ಉಂಗುರ, ಕೆಲವೇ ನಿಮಿಷ. ಈ ಉಂಗುರವನ್ನು ಇನ್‌ಬೇ ಯೂನ್ ಎಂಬ ವೈದ್ಯ ಅಮೆರಿಕದಲ್ಲಿ 1974ರಲ್ಲಿ ಬಳಕೆಗೆ ತಂದಿದ್ದ. ದೇಶದ ತಾಲೂಕು ತಾಲೂಕುಗಳಲ್ಲಿ ಕ್ಯಾಂಪು ನಡೆಯಿತು. ಆರೋಗ್ಯ ಸಹಾಯಕಿಯರು ಮನೆಮನೆಗೆ ಹೋಗಿ ಕೇಸು ತಂದರು. ಗುರಿ ಎಂಬ ಸಂಖ್ಯೆ ಇತ್ತು, ಪ್ರೋತ್ಸಾಹಧನ ಇತ್ತು, ಮನೆಗೆ ಬಿಡಲು ಜೀಪೂ ಇರುತ್ತಿತ್ತು. ಗುರಿಯ ಪದ್ಧತಿಯನ್ನು 1996ರ ಏಪ್ರಿಲ್‌ನಲ್ಲಿ ಕೈಬಿಟ್ಟರು. ಕ್ಯಾಂಪು ನಿಲ್ಲಿಸಬೇಕೆಂಬ ಆದೇಶ ಬರಬೇಕಾದರೆ ಛತ್ತೀಸಗಢದ ಬಿಲಾಸಪುರದಲ್ಲಿ 2014ರಲ್ಲಿ 13 ಹೆಂಗಸರು ಸಾಯಬೇಕಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು. ಇಷ್ಟಾದರೂ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಶನ್ ಮಾಡಿಸಿಕೊಂಡವರೇ. ಬೇಡವೆಂದು ಮಾಡಿಸಿಕೊಂಡವರಿಗೆ ಅದರಿಂದ ನೆಮ್ಮದಿಯೂ ಸಿಕ್ಕಿದೆ, ಅದನ್ನು ಅಲ್ಲಗಳೆಯಲಾರೆ. ನನ್ನ ತಕರಾರು ಬೇರೆ. ಮುಚ್ಚಲು ಇಲಾಖೆ ಹೆಣ್ಣಿನ ಬಾಗಿಲಿಗೆ ಬಂತು. ತೆರೆಸಿಕೊಳ್ಳಬೇಕಾದವಳು ತಾನೇ ಊರು ಬಿಟ್ಟು ಹುಡುಕಿ ಹೋದಳು. 2004ರ ಡಿಸೆಂಬರಿನ ಸುನಾಮಿಯಲ್ಲಿ ಮಕ್ಕಳನ್ನು ಕಳೆದುಕೊಂಡ, ಮೊದಲೇ ಆಪರೇಶನ್ ಆಗಿದ್ದ ತಾಯಂದಿರಿಗೆ ನಾಳ ಮರುಜೋಡಣೆಯ ವೆಚ್ಚವನ್ನು ತಮಿಳುನಾಡು ಸರ್ಕಾರ ಹೊತ್ತಿತು. ಸರ್ಕಾರವೊಂದು ತೆರೆಯುವ ಕೆಲಸಕ್ಕೆ ಇಷ್ಟು ಮುಂದೆ ಬರಲು ಅಂಥ ಅಲೆಯೇ ಬೇಕಾಯಿತು.

ಇನ್ನು ಮುಚ್ಚಿದ ನಾಳವನ್ನು ಹೊಟ್ಟೆ ಕೊಯ್ಯದೆ ಬಿಡಿಸುವ ತಂತಿಯ ಕಥೆ. ಅದು ಸ್ತ್ರೀರೋಗ ವಿಭಾಗದಲ್ಲಿ ಹುಟ್ಟಲಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್ 1964ರ ಜನವರಿ 16ರಂದು, ಕಾಲು ಕತ್ತರಿಸಿಕೊಳ್ಳಲು ಒಪ್ಪದ 82ರ ಅಜ್ಜಿಯೊಬ್ಬಳ ತೊಡೆಯ ರಕ್ತನಾಳಕ್ಕೆ ತಂತಿ ತೂರಿಸಿ, ಅದರ ಮೇಲೆ ಕೊಳವೆ ಜಾರಿಸಿ ಕಟ್ಟಿದ್ದನ್ನು ಬಿಡಿಸಿದ. ಇಂದು ಹೃದಯಕ್ಕೆ ಮಾಡುವ ಆಂಜಿಯೋಪ್ಲಾಸ್ಟಿಯ ಮೂಲ ಅದೇ. ಎರಡು ದಶಕದ ನಂತರ ಅದೇ ಊರಿನಲ್ಲಿ ಏಮಿ ಥರ್ಮಂಡ್ ಎಂಬ ರೇಡಿಯಾಲಜಿಸ್ಟ್, ಹಿರಿಯ ಯೋಸೆಫ್ ರೋಶ್ ಮತ್ತಿತರರ ಜೊತೆ ಸೇರಿ ರಕ್ತನಾಳದ ಉಪಾಯವನ್ನು ಗರ್ಭನಾಳಕ್ಕೆ ತಂದರು. 1985ರಲ್ಲಿ ಪ್ಲಾಟಿಯಾ ಮತ್ತು ಕ್ರೂಡಿ ಎಂಬಿಬ್ಬರು ಒಂದು ಪ್ರಕರಣ ವರದಿ ಮಾಡಿದ್ದರು. ಥರ್ಮಂಡ್ ತಂಡದ ಪ್ರಬಂಧ ‘ರೇಡಿಯಾಲಜಿ’ ಪತ್ರಿಕೆಯಲ್ಲಿ 1987ರಲ್ಲಿ ಬಂತು.

ವಿಧಾನ ಹೀಗಿದೆ. ಮುಟ್ಟು ಬಂದ ಆರನೆಯ ದಿನದಿಂದ ಹನ್ನೊಂದನೆಯ ದಿನದೊಳಗೆ ಮಾಡಬೇಕು. ಆಗ ಗರ್ಭಕೋಶದ ಒಳಪದರ ತೆಳುವಾಗಿರುತ್ತದೆ, ಬಸಿರಿನ ಭಯವಿಲ್ಲ. ಪೂರ್ತಿ ಮತ್ತು ಬರಿಸುವ ಅಗತ್ಯವಿಲ್ಲ. ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ, ಗರ್ಭಕೋಶದ ಕೊರಳಿನ ಮೂಲಕ ಒಂದು ಕೊಳವೆ, ಅದರೊಳಗಿಂದ ಇನ್ನೊಂದು ಸಣ್ಣ ಕೊಳವೆ ನಾಳದ ಮೂಲೆಗೆ. ಅಲ್ಲಿಂದ ನೇರವಾಗಿ ಬಣ್ಣ ಒತ್ತುತ್ತಾರೆ. ಎಷ್ಟೋ ಬಾರಿ ಅಷ್ಟಕ್ಕೇ ನಾಳ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ 0.38 ಮಿಲಿಮೀಟರಿನ ತಂತಿ, ಅದರ ಮೇಲೆ ಒಂದು ಮಿಲಿಮೀಟರಿನ ಮೃದು ಕೊಳವೆ ಮುಂದೆ ಸಾಗುತ್ತದೆ. ಟೈಲರ್ ಸ್ಮಿತ್‌ನ ಕಡ್ಡಿಗೆ ಕಣ್ಣು ಬಂದದ್ದು ಹೀಗೆ. ಮೂಲೆಯಲ್ಲಿ ಕಟ್ಟಿದ ನಾಳಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ತೆರೆಯುತ್ತವೆ ಎಂದು ಹಲವು ಆಸ್ಪತ್ರೆಗಳ ವರದಿಗಳಿವೆ. ಬಸಿರಾಗುವವರು ಸುಮಾರು ಮೂರರಲ್ಲೊಬ್ಬರು.

ಇಷ್ಟು ಸುಲಭಕ್ಕೆ ತೆರೆದದ್ದೇಕೆ? ಅದೇ 1987ರಲ್ಲಿ, ಮೂಲೆ ಮುಚ್ಚಿದೆ ಎಂದು ಕತ್ತರಿಸಿ ತೆಗೆದ ನಾಳಗಳನ್ನು ಅಮೆರಿಕದ ಇನ್ನೊಂದು ತಂಡ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿತು. ಹಲವು ನಾಳಗಳಲ್ಲಿ ಮುಚ್ಚುಗಡೆಯೇ ಇರಲಿಲ್ಲ. ಕೆಲವುಗಳಲ್ಲಿ ಇದ್ದದ್ದು ಆಕಾರವಿಲ್ಲದ ಮೆತ್ತನೆಯ ಬಿರಡೆ. ಎಕ್ಸ್‌ರೇ ಹೊತ್ತಿನಲ್ಲಿ ಗರ್ಭಕೋಶ ಬಿಗಿಹಿಡಿದರೂ ಗೆರೆ ಮೂಲೆಯಲ್ಲೇ ನಿಲ್ಲುತ್ತದೆ. ಅಂದರೆ ಎಷ್ಟೋ ವರ್ಷ, ಎಷ್ಟೋ ಊರುಗಳಲ್ಲಿ, ಒಂದು ಫಿಲ್ಮು ನೋಡಿ ಬಂಜೆ ಎನಿಸಿಕೊಂಡವರಲ್ಲಿ ಒಂದು ಪಾಲಿನವರ ನಾಳ ತೆರೆದೇ ಇತ್ತು. ವೈದ್ಯಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಸಂಗತಿ ಇದು. ಆ ಫಿಲ್ಮಿನ ಬಲದ ಮೇಲೆ ನಡೆದ ಎರಡನೆಯ ಮದುವೆಗಳಿಗೆ ಯಾವ ಪತ್ರಿಕೆಯೂ ತಿದ್ದುಪಡಿ ಪ್ರಕಟಿಸಲಿಲ್ಲ. ಗಂಡನ ವೀರ್ಯಪರೀಕ್ಷೆಯಾದರೂ ಮೊದಲೇ ಆಗಿತ್ತೇ ಎಂಬುದು ಬೇರೆಯೇ ಪ್ರಶ್ನೆ.

ತಂತಿಗೂ ಮಿತಿಯಿದೆ. ಅಂಡಾಶಯದ ಕಡೆಯ ತುದಿ ಮುಚ್ಚಿ ನೀರು ತುಂಬಿಕೊಂಡಿದ್ದರೆ ಅದು ಪ್ರಯೋಜನಕ್ಕೆ ಬಾರದು. ಕ್ಷಯದಿಂದ ಗಡುಸಾದ ನಾಳಕ್ಕೂ ಅಷ್ಟೆ. ಉಂಗುರ ಹಾಕಿದ ಅಥವಾ ಕತ್ತರಿಸಿ ಕಟ್ಟಿದ ನಾಳವನ್ನು ತಂತಿ ಜೋಡಿಸಲಾರದು, ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಆದರೆ ತಂತಿ, ಶಸ್ತ್ರಚಿಕಿತ್ಸೆ ಎರಡಕ್ಕೂ ಆಸ್ಪತ್ರೆಯ ಫಲಕಗಳಲ್ಲಿ ಒಂದೇ ಹೆಸರು ಬರೆಯುವ ರೂಢಿಯಿದೆ, ಹಾಗಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ತೆರೆದ ನಾಳದಲ್ಲಿ ಬಸಿರು ನಾಳದೊಳಗೇ ನಿಲ್ಲುವ ಅಪಾಯವೂ ಸ್ವಲ್ಪ ಇದೆ.

ತಂತಿ ಬರುವ ಮೊದಲೇ ಇನ್ನೊಂದು ದಾರಿ ನಾಳವನ್ನು ಮುಟ್ಟದೆ ಸುತ್ತಿ ಹೋಗಿತ್ತು. ಇಂಗ್ಲೆಂಡಿನ ಲೆಸ್ಲಿ ಬ್ರೌನ್‌ಳ ನಾಳಗಳು ಮುಚ್ಚಿದ್ದರಿಂದಲೇ ವೈದ್ಯ ಸ್ಟೆಪ್ಟೋ ಮತ್ತು ವಿಜ್ಞಾನಿ ಎಡ್ವರ್ಡ್ಸ್ ಅಂಡವನ್ನು ಹೊರತೆಗೆದು ಗಾಜಿನಲ್ಲಿ ವೀರ್ಯಾಣುವಿನೊಂದಿಗೆ ಕೂಡಿಸಿದರು, ಅದೇ ಐವಿಎಫ್; 1978ರ ಜುಲೈ 25ರಂದು ಅವಳ ಮಗಳು ಲೂಯಿಸ್ ಹುಟ್ಟಿದಳು. ಎಪ್ಪತ್ತು ದಿನಗಳ ನಂತರ, ಅಕ್ಟೋಬರ್ 3ರಂದು, ಕೋಲ್ಕತ್ತಾದಲ್ಲಿ ಸುಭಾಷ್ ಮುಖರ್ಜಿ ಅಂಥದೇ ಮಗುವನ್ನು ಹುಟ್ಟಿಸಿದರು. ಅವರನ್ನು ಯಾರೂ ನಂಬಲಿಲ್ಲ, 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಇಂದಿರಾ ಹಿಂದುಜಾ ಅವರ ಕೈಯಲ್ಲಿ 1986ರ ಆಗಸ್ಟ್ 6ರಂದು ಹುಟ್ಟಿದ ಹರ್ಷಾಳೊಂದಿಗೆ ಐವಿಎಫ್ ದೇಶದಲ್ಲಿ ನೆಲೆಯಾಯಿತು. ಐವಿಎಫ್‌ನ ಜಾಹೀರಾತು ಇಂದು ಹೆದ್ದಾರಿಯ ಬದಿಯಲ್ಲಿ ದೊಡ್ಡದಾಗಿ ನಿಲ್ಲುತ್ತದೆ. ತಂತಿಗೆ ಅಂಥ ಭಾಗ್ಯವಿಲ್ಲ, ಅದರಲ್ಲಿ ಅಷ್ಟು ಹಣವೂ ಇಲ್ಲ. ನಮ್ಮಲ್ಲಿ ತಂತಿಯ ಕೆಲಸ ಎಕ್ಸ್‌ರೇ ಕೋಣೆಗಿಂತ ಹೆಚ್ಚಾಗಿ ಆಪರೇಶನ್ ಕೋಣೆಯಲ್ಲಿ, ಗರ್ಭಕೋಶದೊಳಗೆ ನೋಡುವ ಹಿಸ್ಟರೋಸ್ಕೋಪ್ ಮತ್ತು ಹೊಟ್ಟೆಯೊಳಗೆ ನೋಡುವ ಲ್ಯಾಪರೋಸ್ಕೋಪ್ ಎರಡನ್ನೂ ಹಾಕಿ ನಡೆಯುತ್ತದೆ.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರು ಮೀರಿದ ಸೇತುವೆ. ತಾರಿಗೆ ಕಾದು ನಿಂತ ಕಾಲ ಅಷ್ಟರಲ್ಲಾಗಲೇ ಮುಗಿದಿತ್ತು. ಮುಂಬಯಿಯೂ ಮಂಗಳೂರೂ ಒಂದೇ ಹಳಿಯ ಎರಡು ತುದಿಗಳಾದವು. ಆದರೆ ಜಿಲ್ಲೆಯೊಳಗಿನ ದೊಡ್ಡ ಆಸ್ಪತ್ರೆಯ ಬೇಡಿಕೆ ಹಾಗೆಯೇ ಉಳಿಯಿತು. 2019ರಲ್ಲಿ ಯುವಕರು ಟ್ವಿಟರಿನಲ್ಲಿ ತುರ್ತು ಆಸ್ಪತ್ರೆಗಾಗಿ ಅಭಿಯಾನ ನಡೆಸಿದರು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಜೀವ ಉಳಿಸಲೇ ಜಿಲ್ಲೆ ದಾಟಬೇಕಾದಲ್ಲಿ ನಾಳದ ಚಿಕಿತ್ಸೆಗೆ ಆಗ್ರಹಿಸುವವರು ಯಾರು? ಸರ್ಕಾರದ ಆಯುಷ್ಮಾನ್ ಆರೋಗ್ಯ ಯೋಜನೆಯಲ್ಲೂ ಮಕ್ಕಳಾಗಲು ಮಾಡುವ ಚಿಕಿತ್ಸೆಗೆ ಹೆಚ್ಚು ಜಾಗವಿಲ್ಲ.

ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳಲ್ಲಿ, ಅದರಲ್ಲೂ ಭಟ್ಕಳದಲ್ಲಿ, ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುವ ಮನೆಗಳಿಗೆ ಇನ್ನೊಂದು ಲೆಕ್ಕವಿದೆ. ತೆರೆದ ನಾಳ ತೆರೆದೇ ಇರುತ್ತದೆಂಬ ಖಾತರಿಯಿಲ್ಲ, ಆರು ತಿಂಗಳೊಳಗೆ ಕೆಲವರದು ಮತ್ತೆ ಮುಚ್ಚಿಕೊಳ್ಳುತ್ತದೆ. ಬಸಿರಾಗುವವರಲ್ಲಿ ಹೆಚ್ಚಿನವರು ಆಗುವುದೂ ಆ ತಿಂಗಳುಗಳಲ್ಲೇ. ಗಂಡ ಒಂದೂವರೆ ತಿಂಗಳ ರಜೆಗೆ ಬಂದು, ಹೆಂಡತಿಯ ಪರೀಕ್ಷೆಗಳು ಮುಗಿದು ತಂತಿಯ ಸರದಿ ಬರುವ ಹೊತ್ತಿಗೆ ವಾಪಸು ಹೊರಟಿದ್ದರೆ ಆ ಚಿಕಿತ್ಸೆ ಅರ್ಧಕ್ಕೆ ನಿಂತಂತೆಯೇ. ಎಚ್‌ಎಸ್‌ಜಿ, ಕ್ಷಯದ ಪರೀಕ್ಷೆ, ರಕ್ತಪರೀಕ್ಷೆಗಳನ್ನು ಅವನು ಬರುವ ಮೊದಲೇ ಮುಗಿಸಬಹುದು. ವೀರ್ಯಪರೀಕ್ಷೆಯನ್ನು ಅವನು ದುಡಿಯುವ ಊರಿನಲ್ಲೇ ಮಾಡಿಸಿ ವರದಿ ಕಳಿಸಬಹುದು. ಆಮೇಲೆ ಅವನ ಟಿಕೆಟ್ಟಿನ ತಾರೀಖನ್ನೂ ಇವಳ ಮುಟ್ಟಿನ ತಾರೀಖನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆರನೆಯ ದಿನಕ್ಕೆ ಸರಿಯಾಗಿ ಮಣಿಪಾಲಕ್ಕೋ ಮಂಗಳೂರಿಗೋ ಬೆಳಗಿನ ರೈಲು ಹಿಡಿಯಬೇಕು.